ಹಾಸಿಗೆಯಿಂದ ಮನೆಗೆ, ಮನೆಯಿಂದ ವಿಳಾಸಕ್ಕೆ: ಬಡವರ ಕ್ಷಯಚಿಕಿತ್ಸೆಯ ಒಂದು ಚರಿತ್ರೆ

ಬಡವರ ಆರೋಗ್ಯದ ಚರಿತ್ರೆಯನ್ನು ನಮ್ಮಲ್ಲಿ ಸಾಮಾನ್ಯವಾಗಿ ಆಸ್ಪತ್ರೆಗಳ ಚರಿತ್ರೆಯಾಗಿ ಬರೆಯುತ್ತ ಬಂದಿದ್ದೇವೆ. ಅಡಿಗಲ್ಲನ್ನು ಯಾರು ಇಟ್ಟರು, ದಾನ ಯಾರದು, ಹಾಸಿಗೆಗಳೆಷ್ಟು ಎಂಬ ವಿವರಗಳು ಶಾಸನಗಳಲ್ಲಿ, ಗ್ಯಾಸೆಟಿಯರುಗಳಲ್ಲಿ, ವಾರ್ಷಿಕ ವರದಿಗಳಲ್ಲಿ ಸುಲಭವಾಗಿ ದೊರೆಯುತ್ತವೆ. ಆದರೆ ಬಡವರ ಕಾಯಿಲೆಯ ಬಹುಪಾಲು ನಡೆದದ್ದು ಆಸ್ಪತ್ರೆಯ ಹೊರಗೆ: ಒಂದು ಕೋಣೆಯ ಮನೆಯಲ್ಲಿ, ಗುಡಿಸಿಲಲ್ಲಿ, ಕಾರ್ಖಾನೆಯ ಹಿಂಬದಿಯಲ್ಲಿ, ರಸ್ತೆಯ ಬದಿಯಲ್ಲಿ. ಅಲ್ಲಿ ನಡೆದ ಚಿಕಿತ್ಸೆಗೆ ಕಟ್ಟಡವಿಲ್ಲವಾದ್ದರಿಂದ ಶಾಸನವೂ ಇಲ್ಲ.

ಪ್ರಸ್ತುತ ಲೇಖನದಲ್ಲಿ ನಾವು ಪರಿಶೀಲಿಸಬಯಸುವುದು ಇಂತಹ ಒಂದು ಚಿಕಿತ್ಸೆಯ ಚರಿತ್ರೆಯನ್ನು. ಕ್ಷಯರೋಗಿಯನ್ನು ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿಸದೆ ಅವನ ಮನೆಯಲ್ಲಿಯೇ ಗುಣಪಡಿಸಬಹುದೆಂದು 1956ರಿಂದ 1959ರ ಅವಧಿಯಲ್ಲಿ ಮದರಾಸಿನಲ್ಲಿ ಸಿದ್ಧವಾಯಿತು. ಆ ತಿಳಿವಳಿಕೆಯನ್ನು ದೇಶದ ಕಾರ್ಯಕ್ರಮವಾಗಿ ರೂಪಿಸಿದ ಕೆಲಸದ ಮುಖ್ಯ ಭಾಗ ನಡೆದದ್ದು ಬೆಂಗಳೂರು ಮತ್ತು ತುಮಕೂರಿನಲ್ಲಿ. ಅದರ ಒಂದು ಅನಿರೀಕ್ಷಿತ ಪರಿಣಾಮ ಎದ್ದುಕಂಡದ್ದು ದೆಹಲಿಯಲ್ಲಿ. ಈ ಊರುಗಳ ನಡುವೆ 'ಮನೆ' ಎಂಬ ಮಾತಿನ ಅರ್ಥ ಬದಲಾಯಿತು ಎಂಬುದು ನಮ್ಮ ವಾದ. ಮೊದಲು ಮನೆಯೆಂದರೆ ಚಿಕಿತ್ಸೆ ರೋಗಿಯನ್ನು ಹುಡುಕಿಕೊಂಡು ಹೋಗಬೇಕಾದ ಜಾಗ. ಅನಂತರ ಮನೆಯೆಂದರೆ ಚಿಕಿತ್ಸೆ ಪಡೆಯಲು ರೋಗಿ ಒದಗಿಸಬೇಕಾದ ವಿಳಾಸ. ಮನೆಯಿಲ್ಲದವನ ಪಾಲಿಗೆ ಈ ಎರಡು ಅರ್ಥಗಳ ಅಂತರ ಸಾವು-ಬದುಕಿನ ಅಂತರವಾಯಿತು.

1. ಹಾಸಿಗೆಯ ಕಾಲ

ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ಗುರುತಿಸಿದ್ದು 1882ರಲ್ಲಿ. ಆದರೆ ಅದನ್ನು ಕೊಲ್ಲುವ ಔಷಧಿ ಮನುಷ್ಯನ ಕೈಗೆ ಬಂದದ್ದು ಅದಾಗಿ ಅರವತ್ತು ವರ್ಷಗಳ ನಂತರ. ನಡುವಣ ಕಾಲದಲ್ಲಿ ವೈದ್ಯರು ಹೇಳಬಹುದಾಗಿದ್ದದ್ದು ಮೂರೇ ಮಾತು: ವಿಶ್ರಾಂತಿ, ಶುದ್ಧ ಗಾಳಿ, ಪುಷ್ಟಿಕರವಾದ ಆಹಾರ. ಈ ಮೂರನ್ನೂ ಒಂದೆಡೆ ಒದಗಿಸುವ ವ್ಯವಸ್ಥೆಯೇ ಆರೋಗ್ಯಧಾಮ. ನಮ್ಮ ಜನ ಅದನ್ನು ಸ್ಯಾನಿಟೋರಿಯಂ ಎಂದೇ ಕರೆದರು. ಭಾರತದಲ್ಲಿ ಅಜ್ಮೀರದ ಬಳಿಯ ತಿಲೋನಿಯಾದಲ್ಲಿ 1906ರಲ್ಲಿ ಇಂತಹ ಮೊದಲ ಸಂಸ್ಥೆ ಆರಂಭವಾಯಿತು. ದಕ್ಷಿಣದಲ್ಲಿ ಮದನಪಲ್ಲಿಯ ಬಳಿ ಕ್ರೈಸ್ತ ಮಿಷನ್ನುಗಳು ಕೂಡಿ ನಡೆಸಿದ ಆರೋಗ್ಯವರಂ ಪ್ರಸಿದ್ಧವಾಯಿತು. ಡಾ. ಡೇವಿಡ್ ಚೌರಿ ಮುತ್ತು ಅವರು 1928ರಲ್ಲಿ ತಾಂಬರಂನಲ್ಲಿ ಸ್ಥಾಪಿಸಿದ ಸ್ಯಾನಿಟೋರಿಯಂ 1937ರಲ್ಲಿ ಮದರಾಸು ಸರ್ಕಾರದ ವಶಕ್ಕೆ ಬಂದಿತು. ಇಂದಿಗೂ ಅಲ್ಲಿನ ರೈಲು ನಿಲ್ದಾಣದ ಹೆಸರು ತಾಂಬರಂ ಸ್ಯಾನಟೋರಿಯಂ ಎಂದೇ ಇದೆ.

ಮೈಸೂರಿನ ಸಂಗತಿ ಕನ್ನಡ ಓದುಗರಿಗೆ ಹೆಚ್ಚು ಪರಿಚಿತ. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿ ಅವರೂ ಅವರ ಹೆಣ್ಣುಮಕ್ಕಳೂ ಕ್ಷಯಕ್ಕೆ ಬಲಿಯಾದರು. ಅವರ ನೆನಪಿಗೆ ಅರಸರು ಕಟ್ಟಿಸಿದ ಕ್ಷಯರೋಗ ಆರೋಗ್ಯಧಾಮ ಇಂದಿಗೂ ಅವರ ಹೆಸರಿನಲ್ಲಿದೆ. ಅರಮನೆಯನ್ನೂ ಬಿಡದ ರೋಗ ಬಡವನನ್ನು ಬಿಟ್ಟೀತೆ? ನಂದಳಿಕೆಯ ಲಕ್ಷ್ಮೀನಾರಣಪ್ಪ, ಎಂದರೆ ನಮ್ಮ ಮುದ್ದಣ, ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕನಾಗಿ ದುಡಿದು 1901ರಲ್ಲಿ ಕ್ಷಯದಿಂದ ತೀರಿಕೊಂಡಾಗ ಅವನಿಗೆ ಇನ್ನೂ 31 ವರ್ಷ. ಸಾಹಿತ್ಯ ಚರಿತ್ರೆಗಳು ಈ ಸಾವನ್ನು ಕನ್ನಡದ ನಷ್ಟವೆಂದು ದಾಖಲಿಸುತ್ತವೆ. ಅದು ಅಲ್ಪ ಸಂಬಳದ ಒಬ್ಬ ಶಾಲಾ ಶಿಕ್ಷಕನ ಸಾವು ಕೂಡ ಆಗಿತ್ತು ಎಂಬುದನ್ನು ನಾವು ಅಷ್ಟಾಗಿ ಗಮನಿಸಿಲ್ಲ.

ವಿಶ್ರಾಂತಿ, ಗಾಳಿ, ಆಹಾರ - ಈ ಮೂರರಲ್ಲಿ ಬಡವನಿಗೆ ಯಾವುದೂ ಇರಲಿಲ್ಲ. ದುಡಿಯದಿದ್ದ ದಿನ ಅವನ ಮನೆಯ ಒಲೆ ಉರಿಯುತ್ತಿರಲಿಲ್ಲ. ಹೀಗಾಗಿ ಸ್ಯಾನಿಟೋರಿಯಮ್ಮಿನ ಕಲ್ಪನೆಯಲ್ಲಿಯೇ ಒಂದು ತೊಡಕಿತ್ತು. ಯಾರ ಮನೆಯಲ್ಲಿ ಈ ಮೂರೂ ಇಲ್ಲವೋ ಅವರಿಗೇ ಅದು ಹೆಚ್ಚು ಬೇಕಾಗಿತ್ತು. ಅವರಿಗೇ ಅದು ಹೆಚ್ಚು ದೂರವಾಗಿತ್ತು. 1946ರಲ್ಲಿ ವರದಿ ಸಲ್ಲಿಸಿದ ಭೋರ್ ಸಮಿತಿ ದೇಶದಲ್ಲಿ ಸುಮಾರು 25 ಲಕ್ಷ ಕ್ಷಯರೋಗಿಗಳಿದ್ದಾರೆಂದೂ ವರ್ಷಕ್ಕೆ ಸುಮಾರು 5 ಲಕ್ಷ ಮಂದಿ ಸಾಯುತ್ತಾರೆಂದೂ ಅಂದಾಜು ಮಾಡಿತು. ಆಗ ಅವರಿಗಾಗಿ ಇದ್ದ ಹಾಸಿಗೆಗಳು ಸುಮಾರು 6 ಸಾವಿರ. ಎಂದರೆ ಒಂದು ಹಾಸಿಗೆಗೆ ನಾಲ್ಕು ನೂರಕ್ಕೂ ಹೆಚ್ಚು ರೋಗಿಗಳು. ಈ ಲೆಕ್ಕವನ್ನು ಯಾವ ಅರಸನ ಔದಾರ್ಯವೂ ಯಾವ ಮಿಷನ್ನಿನ ಸೇವೆಯೂ ಸರಿದೂಗಿಸುವಂತಿರಲಿಲ್ಲ. ಹಾಸಿಗೆಗಾಗಿ ಕಾಯುವುದೆಂದರೆ ಬಹುಪಾಲು ಜನರಿಗೆ ಸಾವಿಗಾಗಿ ಕಾಯುವುದೇ ಆಗಿತ್ತು.

2. ಮದರಾಸು ಕೇಳಿದ ಪ್ರಶ್ನೆ

1940ರ ದಶಕದಲ್ಲಿ ಸ್ಟ್ರೆಪ್ಟೋಮೈಸಿನ್ ಮತ್ತು ಪಿ.ಎ.ಎಸ್. ಎಂಬ ಔಷಧಿಗಳೂ 1952ರಲ್ಲಿ ಐಸೋನಿಯಾಜಿಡ್ ಕೂಡ ಬಳಕೆಗೆ ಬಂದವು. ಐಸೋನಿಯಾಜಿಡ್ ಅಗ್ಗದ ಔಷಧಿ, ಬಾಯಿಯ ಮೂಲಕ ನುಂಗಬಹುದಾದ ಗುಳಿಗೆ. ಅಲ್ಲಿಯವರೆಗೆ ಯಾರೂ ಗಂಭೀರವಾಗಿ ಕೇಳಲಾಗದಿದ್ದ ಒಂದು ಪ್ರಶ್ನೆಯನ್ನು ಈ ಗುಳಿಗೆ ಸಾಧ್ಯವಾಗಿಸಿತು: ರೋಗಿಯನ್ನು ಗುಣಪಡಿಸುವುದು ಔಷಧಿಯೋ, ಹಾಸಿಗೆಯೋ?

ಈ ಪ್ರಶ್ನೆಗೆ ಉತ್ತರ ಹುಡುಕಲು 1956ರಲ್ಲಿ ಮದರಾಸಿನಲ್ಲಿ ಕ್ಷಯರೋಗ ರಾಸಾಯನಿಕ ಚಿಕಿತ್ಸಾ ಕೇಂದ್ರ ಸ್ಥಾಪನೆಯಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಪರಿಷತ್ತು ಇದರಲ್ಲಿ ಕೈಜೋಡಿಸಿದ್ದವು. ಆರಂಭದ ವರ್ಷಗಳಲ್ಲಿ ಅಧ್ಯಯನದ ನೇತೃತ್ವ ವಹಿಸಿದವರು ವಾಲೇಸ್ ಫಾಕ್ಸ್. ನಗರದ ಬಡ ಕುಟುಂಬಗಳಿಂದ ಬಂದ 193 ರೋಗಿಗಳನ್ನು, ಚೀಟಿ ಎತ್ತಿದ ಹಾಗೆ ಆಯ್ಕೆಯ ಪಕ್ಷಪಾತವಿಲ್ಲದಂತೆ, ಎರಡು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪು ಸ್ಯಾನಿಟೋರಿಯಮ್ಮಿಗೆ ಹೋಯಿತು. ಇನ್ನೊಂದು ತನ್ನ ಮನೆಯಲ್ಲಿಯೇ ಉಳಿಯಿತು. ಇಬ್ಬರಿಗೂ ಒಂದು ವರ್ಷ ಕಾಲ ಐಸೋನಿಯಾಜಿಡ್ ಮತ್ತು ಪಿ.ಎ.ಎಸ್. ಎಂಬ ಒಂದೇ ಔಷಧಿಗಳು. ವ್ಯತ್ಯಾಸವಿದ್ದದ್ದು ಉಳಿದೆಲ್ಲದರಲ್ಲಿ. ಸ್ಯಾನಿಟೋರಿಯಮ್ಮಿನವರಿಗೆ ಹಾಸಿಗೆ, ಶುಶ್ರೂಷೆ, ಒಳ್ಳೆಯ ಊಟ. ಮನೆಯಲ್ಲಿದ್ದವರಿಗೆ ಇಕ್ಕಟ್ಟಿನ ವಸತಿ, ಅರೆಹೊಟ್ಟೆ, ದುಡಿಮೆ.

1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶ ಅಂದಿನ ವೈದ್ಯಲೋಕದ ನಂಬಿಕೆಯನ್ನು ಬುಡಮೇಲು ಮಾಡಿತು. ಎರಡೂ ಗುಂಪುಗಳಲ್ಲಿ ಬಹುಪಾಲು ರೋಗಿಗಳ ರೋಗ ಶಮನವಾಗಿತ್ತು. ಸ್ಯಾನಿಟೋರಿಯಮ್ಮಿನವರು ತೂಕದಲ್ಲಿ ಹೆಚ್ಚು ಮುಂದಿದ್ದರು. ಗುಣವಾಗುವುದರಲ್ಲಿ ಅವರಿಗೆ ಹೇಳಿಕೊಳ್ಳುವಂತಹ ಮೇಲುಗೈಯೇನೂ ಇರಲಿಲ್ಲ. ಮನೆಯಲ್ಲಿ ಉಳಿದ ರೋಗಿಯಿಂದ ಮಕ್ಕಳುಮರಿಗಳಿಗೆ ರೋಗ ತಗಲುವುದೆಂಬ ಭಯವೂ ನಿಲ್ಲಲಿಲ್ಲ. ಐದು ವರ್ಷಗಳವರೆಗೆ ಕುಟುಂಬಗಳನ್ನು ಗಮನಿಸಿದಾಗ, ರೋಗಿಯನ್ನು ದೂರ ಕಳುಹಿಸಿದ ಮನೆಗೂ ಉಳಿಸಿಕೊಂಡ ಮನೆಗೂ ಈ ವಿಷಯದಲ್ಲಿ ಗಣನೀಯವಾದ ಅಂತರ ಕಾಣಲಿಲ್ಲ. ರೋಗ ಹರಡುವುದು ಮುಖ್ಯವಾಗಿ ಚಿಕಿತ್ಸೆಗೆ ಮುಂಚೆ. ಔಷಧಿ ಆರಂಭವಾದ ಮೇಲೆ ಸೋಂಕು ಬೇಗ ಅಡಗುತ್ತದೆ ಎಂಬ ತಿಳಿವಳಿಕೆ ಇದರಿಂದ ಬಲಗೊಂಡಿತು.

ಈ ಫಲಿತಾಂಶವನ್ನು ಮುಂದೆ ಅನೇಕರು 'ಗುಳಿಗೆ ಕೊಟ್ಟು ಮನೆಗೆ ಕಳುಹಿಸಿದರೆ ಸಾಕು' ಎಂಬರ್ಥದಲ್ಲಿ ಓದಿಕೊಂಡರು. ಅಧ್ಯಯನದ ವಿಧಾನವನ್ನು ನೋಡಿದರೆ ಈ ಓದು ನಿಲ್ಲುವುದಿಲ್ಲ. ಮದರಾಸಿನ ಕೇಂದ್ರ ರೋಗಿಯನ್ನು ಮನೆಗೆ ಕಳುಹಿಸಿ ಸುಮ್ಮನಾಗಲಿಲ್ಲ. ಅವನ ಹಿಂದೆಯೇ ಮನೆಗೆ ಹೋಯಿತು. ಆರೋಗ್ಯ ಸಂದರ್ಶಕಿಯರು ಮುನ್ಸೂಚನೆಯಿಲ್ಲದೆ ಮನೆಗಳಿಗೆ ಹೋಗಿ ಉಳಿದ ಗುಳಿಗೆಗಳನ್ನು ಎಣಿಸಿದರು. ಔಷಧಿ ದೇಹಕ್ಕೆ ಸೇರಿದೆಯೇ ಎಂದು ತಿಳಿಯಲು ಮೂತ್ರ ಪರೀಕ್ಷೆ ನಡೆಯಿತು. ಕುಟುಂಬದ ಇತರರನ್ನೂ ಪರೀಕ್ಷಿಸಲಾಯಿತು. ರೋಗಿ ತಾನಾಗಿ ಔಷಧಿ ನುಂಗುವುದರ ತೊಂದರೆಗಳ ಬಗೆಗೆ ಫಾಕ್ಸ್ 1958ರಷ್ಟು ಮುಂಚೆಯೇ ಬರೆದರು. ಪಿ.ಎ.ಎಸ್. ಹೊಟ್ಟೆಗೆ ಒಗ್ಗದ, ದಿನಕ್ಕೆ ಹಲವು ಗ್ರಾಮುಗಳಷ್ಟು ನುಂಗಬೇಕಾದ ಔಷಧಿ. ಕೆಮ್ಮು ನಿಂತ ಮೇಲೂ ತಿಂಗಳುಗಟ್ಟಲೆ ಅದನ್ನು ನುಂಗುತ್ತಿರುವುದು ಯಾರಿಗಾದರೂ ಕಷ್ಟ. ಇದನ್ನು ರೋಗಿಯ ಅಜ್ಞಾನವೆಂದು ಅವರು ತಳ್ಳಿಹಾಕಲಿಲ್ಲ. ಚಿಕಿತ್ಸೆಯ ವ್ಯವಸ್ಥೆಯೇ ಬಿಡಿಸಬೇಕಾದ ಸಮಸ್ಯೆಯೆಂದು ಕಂಡರು.

1964ರಲ್ಲಿ ಅದೇ ಕೇಂದ್ರ ಪ್ರಕಟಿಸಿದ ಇನ್ನೊಂದು ಅಧ್ಯಯನ ನಮ್ಮ ದೃಷ್ಟಿಯಿಂದ ಇನ್ನೂ ಮುಖ್ಯವಾದುದು. ವಾರಕ್ಕೆ ಎರಡೇ ಬಾರಿ, ಆದರೆ ಸಿಬ್ಬಂದಿಯ ಕಣ್ಣೆದುರಿಗೆ ಕೊಟ್ಟ ಔಷಧಿಗಳು ದಿನನಿತ್ಯ ಮನೆಯಲ್ಲಿ ನುಂಗುವ ಔಷಧಿಗಳಿಗೆ ಏನೂ ಕಡಿಮೆಯಲ್ಲವೆಂದು ಅದು ತೋರಿಸಿತು. ಈ ವಿಧಾನಕ್ಕೆ ಬೇಕಾದದ್ದು ರೋಗಿ ಮತ್ತು ಔಷಧಿ ಕೊಡುವವರು ವಾರಕ್ಕೆ ಎರಡು ಸಲ ಸಂಧಿಸುವ ಒಂದು ಸ್ಥಳ ಮಾತ್ರ. ಆ ಸ್ಥಳ ಮನೆಯೇ ಆಗಬೇಕಿಲ್ಲ. ಔಷಧಿಯ ಡಬ್ಬಿ ಇಡಲು ಒಂದು ಗೂಡೂ ಬೇಕಿಲ್ಲ. ತಾತ್ತ್ವಿಕವಾಗಿ, ಮನೆಯಿಲ್ಲದವನಿಗೂ ಸಲ್ಲುವ ಚಿಕಿತ್ಸೆಯೊಂದು ಆ ಹೊತ್ತಿಗೇ ಸಿದ್ಧವಾಗಿತ್ತು.

3. ತುಮಕೂರು ಕೊಟ್ಟ ಉತ್ತರ

ಮದರಾಸಿನ ಕೇಂದ್ರ ಕೆಲವು ನೂರು ರೋಗಿಗಳನ್ನು ಕಂಡಿತ್ತು. ಅದನ್ನು ಲಕ್ಷಾಂತರ ರೋಗಿಗಳಿಗೆ ಹೊಂದಿಸುವ ಹೊಣೆ ಬಿದ್ದದ್ದು 1959ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಮೇಲೆ. 1960ರ ಸೆಪ್ಟೆಂಬರಿನಲ್ಲಿ ಜವಾಹರಲಾಲ್ ನೆಹರೂ ಅದನ್ನು ವಿಧ್ಯುಕ್ತವಾಗಿ ಉದ್ಘಾಟಿಸಿದರು. ಸಂಸ್ಥೆಯ ಮೊದಲ ದೊಡ್ಡ ಕ್ಷೇತ್ರಕಾರ್ಯ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಯಿತು. 1955ರಿಂದ 1958ರವರೆಗೆ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆ ಕ್ಷಯ ಪಟ್ಟಣದ ರೋಗ ಮಾತ್ರವಲ್ಲ, ಹಳ್ಳಿಗಳಲ್ಲಿಯೂ ಅದು ಹೆಚ್ಚುಕಡಿಮೆ ಅಷ್ಟೇ ಇದೆ ಎಂದು ಆಗಲೇ ತಿಳಿಸಿತ್ತು. ತುಮಕೂರಿನ ಸಮೀಕ್ಷೆಯ ಜೊತೆಗೆ ಇನ್ನೊಂದು ಪ್ರಶ್ನೆ ಹುಟ್ಟಿತು: ಈ ರೋಗಿಗಳಿಗೆ ತಮ್ಮ ರೋಗದ ಅರಿವು ಇದೆಯೆ?

ಅಂದು ಹಲವರಲ್ಲಿದ್ದ ತಿಳಿವಳಿಕೆಯೆಂದರೆ, ಹಳ್ಳಿಯ ಬಡವರು ಅಜ್ಞಾನಿಗಳು, ಆಧುನಿಕ ವೈದ್ಯಕ್ಕೆ ಬೆನ್ನು ತಿರುಗಿಸಿದವರು. ಆದ್ದರಿಂದ ಕ್ಷ-ಕಿರಣ ಯಂತ್ರ ಹೊತ್ತ ವಾಹನಗಳು ಊರೂರು ತಿರುಗಿ ರೋಗಿಗಳನ್ನು ಪತ್ತೆ ಹಚ್ಚಬೇಕು. ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ 1963ರಲ್ಲಿ ಪ್ರಕಟಿಸಿದ ಸಮಾಜಶಾಸ್ತ್ರೀಯ ಅಧ್ಯಯನ ಈ ತಿಳಿವಳಿಕೆಯನ್ನು ಅಲ್ಲಗಳೆಯಿತು. ಸಮೀಕ್ಷೆಯಲ್ಲಿ ರೋಗ ಕಂಡುಬಂದವರಲ್ಲಿ ಬಹುಪಾಲು ಜನರಿಗೆ ತಮಗೆ ಏನೋ ಆಗಿದೆ ಎಂಬ ಅರಿವು ಇದ್ದೇ ಇತ್ತು. ಹೆಚ್ಚಿನವರು ಅದರ ಬಗೆಗೆ ಚಿಂತಿತರಾಗಿದ್ದರು. ಅರ್ಧಕ್ಕೂ ಹೆಚ್ಚು ಮಂದಿ ಆಗಲೇ ಪರಿಹಾರ ಹುಡುಕಿಕೊಂಡು ಹೋಗಿದ್ದರು. ಹೋದವರಲ್ಲಿ ಅನೇಕರಿಗೆ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧಿ. ಬಡವನು ವೈದ್ಯಕ್ಕೆ ಬೆನ್ನು ತಿರುಗಿಸಿರಲಿಲ್ಲ, ವೈದ್ಯವೇ ಅವನಿಗೆ ಬೆನ್ನು ತಿರುಗಿಸಿತ್ತು.

ಭಾಷಾ ಸಂಶೋಧಕರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ತುಮಕೂರಿನ ರೈತ-ಕೂಲಿಯವರು ತಮ್ಮ ಕೆಮ್ಮು, ದಮ್ಮು, ಜ್ವರ, ಎದೆನೋವುಗಳನ್ನು ಹೇಳಿಕೊಂಡದ್ದು ಕನ್ನಡದಲ್ಲಿಯೇ ಇರಬೇಕು. ಅದು ಲೋಕಕ್ಕೆ ತಿಳಿದದ್ದು ಇಂಗ್ಲಿಷ್ ಕೋಷ್ಟಕಗಳಲ್ಲಿ. ಅರಿವು, ಚಿಂತೆ, ಪರಿಹಾರಕ್ಕಾಗಿ ಓಡಾಟ ಎಂಬ ಮೂರು ಮೆಟ್ಟಿಲುಗಳ ಹಿಂದೆ ಅವರು ಆಡಿದ ಮಾತುಗಳು ಯಾವುವು ಎಂಬುದು ಕನ್ನಡದ ಸಾಮಾಜಿಕ ಚರಿತ್ರೆಗೆ ಸೇರಿದ ಪ್ರಶ್ನೆ. ಬ್ಯಾನರ್ಜಿಯವರು ಮುಂದೆ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದಲ್ಲಿ ಸಾಮಾಜಿಕ ವೈದ್ಯ ಮತ್ತು ಸಮುದಾಯ ಆರೋಗ್ಯ ಕೇಂದ್ರವನ್ನು ಕಟ್ಟಿದರು. ಜನರು ತಾವಾಗಿ ಅನುಭವಿಸಿದ ಅಗತ್ಯದಿಂದಲೇ ಆರೋಗ್ಯ ವ್ಯವಸ್ಥೆ ಹುಟ್ಟಬೇಕು ಎಂಬ ಅವರ ಜೀವಿತದ ವಾದದ ಬೇರುಗಳಲ್ಲಿ ಒಂದು ತುಮಕೂರಿನ ಮಣ್ಣಿನಲ್ಲಿದೆ.

ಈ ಅಧ್ಯಯನದಿಂದ ಹೊರಟ ತೀರ್ಮಾನ ಸರಳವಾಗಿತ್ತು. ಕೆಮ್ಮಿನಿಂದ ಬಳಲಿ ಸಮೀಪದ ಸರ್ಕಾರಿ ಆಸ್ಪತ್ರೆಗೆ ಬಂದವನ ಕಫವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಬೇಕು; ರೋಗವಿದ್ದರೆ ಅಲ್ಲಿಯೇ ಉಚಿತವಾಗಿ ಔಷಧಿ ಕೊಡಬೇಕು. ಈ ಮಾದರಿಯನ್ನು ನೆರೆಯ ಅನಂತಪುರ ಜಿಲ್ಲೆಯಲ್ಲಿ ಪ್ರಯೋಗಿಸಿ ನೋಡಿ, 1962ರಲ್ಲಿ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮವನ್ನು ರೂಪಿಸಲಾಯಿತು. ಜಿಲ್ಲೆಗೊಂದು ಕೇಂದ್ರ, ಅದರ ಕೈಕೆಳಗೆ ಸಾಮಾನ್ಯ ಆಸ್ಪತ್ರೆಗಳ ಜಾಲ, ಮನೆಯಲ್ಲಿ ಚಿಕಿತ್ಸೆ: ಇದು ಅಂದಿನ ಬಡ ದೇಶಗಳಲ್ಲಿ ಅಪೂರ್ವವಾದ ಕಲ್ಪನೆ.

ಆದರೆ ಮದರಾಸಿನಿಂದ ಜಿಲ್ಲೆಗಳಿಗೆ ಸಾಗುವ ದಾರಿಯಲ್ಲಿ ಒಂದು ಅಂಶ ಕಳೆದುಹೋಯಿತು. ಮನೆಗೆ ಹೋಗುವ ಸಂದರ್ಶಕಿ ಹಿಂದೆ ಉಳಿದಳು. ರೋಗಿ ತಿಂಗಳಿಗೊಮ್ಮೆ ಬಂದು ಔಷಧಿಯ ಪೊಟ್ಟಣ ಒಯ್ಯಬೇಕಾಯಿತು. ಬಾರದಿದ್ದರೆ ಅವನ ಹೆಸರಿನ ಮುಂದೆ 'ಚಿಕಿತ್ಸೆ ಬಿಟ್ಟವನು' ಎಂದು ದಾಖಲಾಯಿತು. ಮದರಾಸಿನಲ್ಲಿ ಇದೇ ಸಂಗತಿ ಸಂಸ್ಥೆ ಬಿಡಿಸಬೇಕಾದ ಸಮಸ್ಯೆಯಾಗಿತ್ತು. ಇಲ್ಲಿ ಅದು ರೋಗಿಯ ದೋಷವಾಯಿತು. ಮೂವತ್ತು ವರ್ಷಗಳ ಬಳಿಕ, 1992ರಲ್ಲಿ ಕಾರ್ಯಕ್ರಮವನ್ನು ವಿಮರ್ಶಿಸಿದ ತಂಡ ಹಣದ ಕೊರತೆ, ಔಷಧಿಯ ಅಭಾವ, ಕಫ ಪರೀಕ್ಷೆಗಿಂತ ಕ್ಷ-ಕಿರಣದ ಮೇಲೆಯೇ ಅವಲಂಬನೆ ಮತ್ತು ಚಿಕಿತ್ಸೆ ಪೂರೈಸುವವರ ಪ್ರಮಾಣ ತೀರ ಕಡಿಮೆಯಿರುವುದನ್ನು ಎತ್ತಿ ತೋರಿಸಿತು.

4. ಮನೆ ವಿಳಾಸವಾದದ್ದು

1993ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕ್ಷಯವನ್ನು ಜಾಗತಿಕ ತುರ್ತು ಪರಿಸ್ಥಿತಿಯೆಂದು ಘೋಷಿಸಿತು. ಅದೇ ವರ್ಷ ಭಾರತದಲ್ಲಿ ಪರಿಷ್ಕೃತ ಕಾರ್ಯಕ್ರಮದ ಪ್ರಯೋಗ ಆರಂಭವಾಗಿ, 1997ರಿಂದ ವಿಸ್ತರಿಸಿ, 2006ರ ಹೊತ್ತಿಗೆ ದೇಶವನ್ನೆಲ್ಲ ವ್ಯಾಪಿಸಿತು. ಇದರ ಜೀವಾಳ 'ಡಾಟ್ಸ್' ಎಂದು ಹೆಸರಾದ ವಿಧಾನ: ರೋಗಿ ಔಷಧಿ ನುಂಗುವುದನ್ನು ಕಾರ್ಯಕರ್ತರು ಕಣ್ಣಾರೆ ನೋಡಬೇಕು. ಬೀಜ ಮದರಾಸಿನದೇ. ಆದರೆ ಈಗ ಅದಕ್ಕೆ ಒಂದು ಗುರಿ ಅಂಟಿಕೊಂಡಿತ್ತು. ಕಫದಲ್ಲಿ ರೋಗಾಣು ಕಂಡ ಹೊಸ ರೋಗಿಗಳಲ್ಲಿ ನೂರಕ್ಕೆ 85 ಮಂದಿಯಾದರೂ ಗುಣವಾಗಬೇಕು. ಪ್ರತಿ ಕೇಂದ್ರದ ಸಾಧನೆಯನ್ನೂ ಈ ಅಳತೆಯಿಂದ ಅಳೆಯಲಾಗುವುದು.

ಗುರಿಯ ಹಿಂದಿನ ಆತಂಕ ನಿಜವಾದುದು. ಅರ್ಧಕ್ಕೆ ನಿಂತ ಚಿಕಿತ್ಸೆಯಿಂದ ಔಷಧಿಗೆ ಬಗ್ಗದ ರೋಗಾಣುಗಳು ಬೆಳೆಯುತ್ತವೆ. ಅದರ ಫಲವನ್ನು ಇಡೀ ಸಮಾಜ ಉಣ್ಣಬೇಕಾಗುತ್ತದೆ. ಆದ್ದರಿಂದ ಚಿಕಿತ್ಸೆ ಆರಂಭಿಸುವ ಮುನ್ನ ರೋಗಿಯ ವಿಳಾಸವನ್ನು ಖಚಿತಪಡಿಸಿಕೊಳ್ಳಬೇಕೆಂಬ ನಿಯಮ ಬಂತು. ರೋಗಿ ಬಾರದಿದ್ದರೆ ಹುಡುಕಿಕೊಂಡು ಹೋಗಲು ವಿಳಾಸ ಬೇಕು ಎಂಬುದು ಅದರ ಆಶಯ. ಆಶಯದಲ್ಲಿ ಅದು ಮದರಾಸಿನ ಸಂದರ್ಶಕಿಯ ಮರುಹುಟ್ಟು. ಆಚರಣೆಯಲ್ಲಿ ಆದದ್ದೇ ಬೇರೆ.

ದೆಹಲಿಯಲ್ಲಿ ನಡೆದು 2002ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಬಿಡಿಸಿ ತೋರಿಸಿದೆ. ಕೇಂದ್ರಗಳಲ್ಲಿ ಕೆಲಸ ಮಾಡುತ್ತಿದ್ದ ಸಿಬ್ಬಂದಿ ಯಾರು ಚಿಕಿತ್ಸೆಯನ್ನು ಪೂರೈಸಬಲ್ಲರು, ಯಾರು ಬಿಟ್ಟುಹೋಗುವರು ಎಂಬುದನ್ನು ಮೊದಲೇ ಅಂದಾಜು ಮಾಡುತ್ತಿದ್ದರು. ಅಲೆಮಾರಿ ಕೂಲಿಗಳು, ಕಡುಬಡವರು, ನೆಲೆಯಿಲ್ಲದವರು ಈ ಅಂದಾಜಿನಲ್ಲಿ ಸೋಲುತ್ತಿದ್ದರು. ಅವರಿಗೆ ಹೊಸ, ಪರಿಣಾಮಕಾರಿಯಾದ ಚಿಕಿತ್ಸೆಯ ಬದಲು ಹಳೆಯ, ದುರ್ಬಲವಾದ ಚಿಕಿತ್ಸೆ ದೊರೆಯುತ್ತಿತ್ತು. ಯಾರಲ್ಲಿ ರೋಗ ಹೆಚ್ಚೋ ಅವರೇ ಕಾರ್ಯಕ್ರಮದ ಅಂಕಿಗಳಿಗೆ ಅಪಾಯಕಾರಿಗಳಾಗಿ ಕಂಡರು. ಸಿಬ್ಬಂದಿ ಕ್ರೂರಿಗಳಾಗಿದ್ದರೆಂದು ನಾವು ಹೇಳುತ್ತಿಲ್ಲ. ನೂರಕ್ಕೆ 85ರ ಲೆಕ್ಕ ಒಪ್ಪಿಸಬೇಕಾದ ನೌಕರನಿಗೆ ವಿಳಾಸವಿಲ್ಲದ ರೋಗಿ ಭಾರವಾಗಿ ತೋರುವುದು ವ್ಯವಸ್ಥೆಯ ಸಹಜ ಫಲ.

ಹೀಗೆ ಸುಮಾರು ಐದು ದಶಕಗಳಲ್ಲಿ ಒಂದು ಸುತ್ತು ಮುಗಿಯಿತು. 1946ರಲ್ಲಿ ಹಾಸಿಗೆಯಿಲ್ಲದ್ದರಿಂದ ಬಡವನಿಗೆ ಚಿಕಿತ್ಸೆಯಿರಲಿಲ್ಲ. ಮದರಾಸು ಹಾಸಿಗೆಯ ಅಗತ್ಯವನ್ನೇ ತೆಗೆದುಹಾಕಿ, ಮನೆಯನ್ನೇ ಸಾಕಾದ ಆಸ್ಪತ್ರೆಯನ್ನಾಗಿ ಮಾಡಿತು. ಆದರೆ ಮನೆಯೂ ಇಲ್ಲದವನಿಗೆ ಇದೀಗ ವಿಳಾಸವೇ ಹೊಸ ಹಾಸಿಗೆಯಾಯಿತು, ಸಿಗದ ಹಾಸಿಗೆ. 2011ರ ಜನಗಣತಿಯಲ್ಲಿ, ಫೆಬ್ರವರಿ 28ರ ರಾತ್ರಿ ಎಣಿಸಿದಾಗ, ದೇಶದಲ್ಲಿ ಸುಮಾರು 17.7 ಲಕ್ಷ ಜನ ಮನೆಯಿಲ್ಲದವರೆಂದು ದಾಖಲಾದರು. ಒಂದು ರಾತ್ರಿಯಲ್ಲಿ ರಸ್ತೆಯ ಬದಿ, ಸೇತುವೆಯ ಕೆಳಗೆ, ನಿಲ್ದಾಣಗಳಲ್ಲಿ ಕಣ್ಣಿಗೆ ಬಿದ್ದವರ ಲೆಕ್ಕ ಇದು. ಕೆಲಸದ ಸ್ಥಳದಲ್ಲಿಯೇ ಮಲಗುವವರು, ಇಂದು ಇಲ್ಲಿ ನಾಳೆ ಅಲ್ಲಿ ಎಂಬಂತೆ ಸಾಗುವ ಕಟ್ಟಡ ಕಾರ್ಮಿಕರು ಇಂತಹ ಎಣಿಕೆಗೆ ಸುಲಭವಾಗಿ ಸಿಕ್ಕುವವರಲ್ಲ.

5. ಅನ್ನದ ಪ್ರಶ್ನೆ

ಮದರಾಸಿನ ಅಧ್ಯಯನದ ಇನ್ನೊಂದು ತೀರ್ಮಾನವೂ ಬಡವರ ಪಾಲಿಗೆ ಎರಡು ಅಲಗಿನ ಕತ್ತಿಯಾಯಿತು. ಮನೆಯಲ್ಲಿದ್ದ ರೋಗಿಗಳ ಆಹಾರ ಕಳಪೆಯಾಗಿದ್ದರೂ ಅವರು ಗುಣವಾದರು. ಇದರ ಅರ್ಥ, ಅನ್ನವಿಲ್ಲವೆಂಬ ಕಾರಣಕ್ಕೆ ಔಷಧಿಯನ್ನು ನಿರಾಕರಿಸಬಾರದು ಎಂದು. ಆದರೆ ಆಚರಣೆಯಲ್ಲಿ ಅದು ಔಷಧಿಯಿದ್ದರೆ ಅನ್ನದ ಚಿಂತೆ ಬೇಡ ಎಂಬರ್ಥ ತಳೆಯಿತು. ಸ್ಯಾನಿಟೋರಿಯಂ ಮರೆಯಾದಾಗ ಅದರ ಹಾಸಿಗೆಯೊಡನೆ ಅದರ ಅಡುಗೆಮನೆಯೂ ಮರೆಯಾಯಿತು.

ಈ ಓದನ್ನು ತಿದ್ದಿದ ಸಂಶೋಧನೆಗೆ ಕರ್ನಾಟಕದ ಸಂಬಂಧವಿದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಅವರು, ಮದರಾಸು ಕೇಂದ್ರದ ಇಂದಿನ ರೂಪವಾದ ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆಯೊಡಗೂಡಿ, 2019ರಿಂದ 2022ರವರೆಗೆ ಜಾರ್ಖಂಡದ ನಾಲ್ಕು ಜಿಲ್ಲೆಗಳಲ್ಲಿ ಅಧ್ಯಯನವೊಂದನ್ನು ನಡೆಸಿದರು. 2,800 ರೋಗಿಗಳು ಮತ್ತು ಅವರ ಮನೆಗಳ 10,345 ಮಂದಿ ಅದರಲ್ಲಿ ಸೇರಿದ್ದರು. ರೋಗಿಗಳೆಲ್ಲರಿಗೂ ಪಡಿ ದೊರೆಯಿತು. ಒಂದು ಗುಂಪಿನ ಮನೆಯವರಿಗೂ ತಿಂಗಳಿಗೆ ತಲಾ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಮತ್ತು ಜೀವಸತ್ವದ ಗುಳಿಗೆಗಳು ದೊರೆತವು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಪಡಿ ಪಡೆದ ಮನೆಗಳಲ್ಲಿ ಹೊಸದಾಗಿ ಕ್ಷಯ ತಗಲುವುದು ಶೇಕಡ 39ರಷ್ಟು, ಸೋಂಕು ಹರಡುವ ಶ್ವಾಸಕೋಶದ ಕ್ಷಯ ಶೇಕಡ 48ರಷ್ಟು ಕಡಿಮೆಯಾಗಿತ್ತು. ಚಿಕಿತ್ಸೆಯ ಮೊದಲ ಎರಡು ತಿಂಗಳಲ್ಲಿ ತೂಕ ಹೆಚ್ಚಿದ ರೋಗಿಗಳಲ್ಲಿ ಸಾವಿನ ಸಂಭವವೂ ಗಣನೀಯವಾಗಿ ತಗ್ಗಿತ್ತು. ಔಷಧಿಯ ಜೊತೆಗೆ ಅನ್ನವೂ ಚಿಕಿತ್ಸೆಯೇ ಎಂಬ ಸ್ಯಾನಿಟೋರಿಯಂ ಕಾಲದ ಮಾತು, ಈ ಬಾರಿ ಪ್ರಮಾಣಸಹಿತವಾಗಿ, ಮನೆಗೆ ಮರಳಿ ಬಂತು.

ಸರ್ಕಾರ 2018ರಿಂದ ಕ್ಷಯರೋಗಿಗೆ ಪೋಷಣೆಗಾಗಿ ತಿಂಗಳಿಗೆ 500 ರೂಪಾಯಿ ಕೊಡತೊಡಗಿ, 2024ರ ನವೆಂಬರಿನಿಂದ ಅದನ್ನು 1,000 ರೂಪಾಯಿಗೆ ಏರಿಸಿದೆ. ಇದು ಸ್ವಾಗತಾರ್ಹ. ಆದರೂ ಹಳೆಯ ಪ್ರಶ್ನೆ ಇಲ್ಲಿಯೂ ತಲೆಯೆತ್ತುತ್ತದೆ. ಹಣ ಸೇರುವುದು ಬ್ಯಾಂಕಿನ ಖಾತೆಗೆ. ಖಾತೆಗೆ ಗುರುತಿನ ಕಾಗದ ಬೇಕು. ಕಾಗದದಲ್ಲಿ ವಿಳಾಸ ಇರುತ್ತದೆ. ಅಕ್ಕಿ-ಬೇಳೆಯನ್ನೇ ಕೊಟ್ಟರೂ ಬೇಯಿಸಲು ಒಲೆ ಬೇಕು, ಒಲೆ ಹೂಡಲು ನೆಲೆ ಬೇಕು. ರಸ್ತೆಯ ಬದಿಯಲ್ಲಿ ಮಲಗುವವನಿಗೆ ಬೇಕಾದದ್ದು ಪಡಿಯಲ್ಲ, ಊಟ. ಮನೆಯನ್ನು ಮೊದಲೇ ಊಹಿಸಿಕೊಂಡು ರೂಪಿಸಿದ ನೆರವು ಮನೆಯಿಲ್ಲದವನನ್ನು ಮುಟ್ಟಬೇಕಾದರೆ ಅದನ್ನು ಬೇರೆ ಬಗೆಯಲ್ಲಿ ರೂಪಿಸಬೇಕಾಗುತ್ತದೆ.

6. ಹೊರನಾಡಿನಲ್ಲಿ ಆಗಬೇಕಾದ ಕೆಲಸ

ಈ ಚರಿತ್ರೆಯಲ್ಲಿ ಹೊರನಾಡ ಕನ್ನಡಿಗರು ಎಲ್ಲಿದ್ದಾರೆ? ಮುಂಬಯಿಯ ಕನ್ನಡ ಬದುಕನ್ನು ಬಲ್ಲವರಿಗೆ ಉತ್ತರ ಹೊಳೆಯದಿರದು. ದಕ್ಷಿಣ ಕನ್ನಡದಿಂದ ಎಳವೆಯಲ್ಲಿಯೇ ಹೋದ ಹುಡುಗರು ಹಗಲು ಹೋಟೆಲುಗಳಲ್ಲಿ ದುಡಿದು, ಕನ್ನಡ ರಾತ್ರಿಶಾಲೆಗಳಲ್ಲಿ ಓದಿ, ಅದೇ ಹೋಟೆಲಿನ ನೆಲದ ಮೇಲೆ ಮಲಗಿದರು. ಅವರ ವಿಳಾಸ ಧಣಿಯ ವಿಳಾಸ. ಕಾಯಿಲೆ ಬಿದ್ದಾಗ ಕೆಲಸ ಹೋಗುತ್ತಿತ್ತು. ಕೆಲಸದೊಡನೆ ವಿಳಾಸವೂ ಹೋಗುತ್ತಿತ್ತು. ಉಳಿಯುತ್ತಿದ್ದ ದಾರಿ 'ಊರಿಗೆ ಹೋಗುವುದು'. ಕಲಬುರಗಿ, ಯಾದಗಿರಿ, ರಾಯಚೂರು ಜಿಲ್ಲೆಗಳಿಂದ ಹೈದರಾಬಾದು, ಪುಣೆ, ಮುಂಬಯಿಗಳ ಕಟ್ಟಡದ ಕೆಲಸಕ್ಕೆ ಗುಳೆ ಹೋಗುವವರ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಊರಿಗೆ ಮರಳುವ ಈ ರೋಗಿ ನಗರದ ದಾಖಲೆಯಲ್ಲಿ 'ಚಿಕಿತ್ಸೆ ಬಿಟ್ಟವನು'. ಊರಿನ ದಾಖಲೆಯಲ್ಲಿ ಅವನು ಹೊಸಬ. ಎರಡು ದಾಖಲೆಗಳ ನಡುವಿನ ರೈಲು ಪ್ರಯಾಣ ಯಾವ ಕೋಷ್ಟಕದಲ್ಲಿಯೂ ಬರುವುದಿಲ್ಲ.

ಹೊರನಾಡಿನ ಸಂಶೋಧಕರಿಗೆ ಇಲ್ಲಿ ವಿಶೇಷವಾದ ಅನುಕೂಲವಿದೆ. ರಾತ್ರಿಶಾಲೆಗಳ ಹಾಜರಿ ಪುಸ್ತಕಗಳು, ಕನ್ನಡ ಸಂಘಗಳ ಸ್ಮರಣಸಂಚಿಕೆಗಳು, ಹೋಟೆಲು ಕಾರ್ಮಿಕರ ಆತ್ಮಕಥನಗಳು, ಊರಿಗೆ ಬರೆದ ಕಾಗದಗಳು - ಇವುಗಳಲ್ಲಿ ಕಾಯಿಲೆಯ ಉಲ್ಲೇಖಗಳನ್ನು ಹುಡುಕುವ ಕೆಲಸ ಆಗಬೇಕಾಗಿದೆ. ವಲಸೆಯ ಚರಿತ್ರೆಯನ್ನು ಯಶಸ್ಸಿನ ಚರಿತ್ರೆಯಾಗಿ ಬರೆಯುವ ರೂಢಿಯಲ್ಲಿ ನಡುದಾರಿಯಲ್ಲಿ ಕೆಮ್ಮುತ್ತ ಹಿಂದಿರುಗಿದವರು ಬಿಟ್ಟುಹೋಗಿದ್ದಾರೆ. ಇನ್ನೂ ಬದುಕಿರುವ ಹಿರಿಯರ ನೆನಪುಗಳನ್ನು ದಾಖಲಿಸುವುದು ತಡಮಾಡಬಾರದ ಕೆಲಸ.

ಇದು ಕೇವಲ ಅಕಾಡೆಮಿಕ್ ಆಸಕ್ತಿಯ ಮಾತಲ್ಲ. ಮದರಾಸು ಮತ್ತು ತುಮಕೂರಿನ ಅಧ್ಯಯನಗಳು ಬಡವರ ಬಗೆಗೆ ಹೇಳಿದ್ದು ಎರಡೇ ಮಾತು: ಅವಕಾಶ ಸಿಕ್ಕರೆ ಅವರು ಚಿಕಿತ್ಸೆಯನ್ನು ಹುಡುಕಿಕೊಂಡು ಬರುತ್ತಾರೆ, ಚಿಕಿತ್ಸೆ ಅವರಿದ್ದಲ್ಲಿಗೆ ಹೋದರೆ ಅವರು ಗುಣವಾಗುತ್ತಾರೆ. ಮನೆಯಿಲ್ಲದವರ ವಿಷಯದಲ್ಲಿ ಈ ಮಾತುಗಳು ಸುಳ್ಳಾಗುತ್ತವೆ ಎನ್ನಲು ಈ ಚರಿತ್ರೆಯಲ್ಲಿ ನಮಗೆ ಆಧಾರ ಕಾಣುವುದಿಲ್ಲ. ಕಾಣುವುದು ಇಷ್ಟೆ: 1964ರ ಹೊತ್ತಿಗೆ ಮದರಾಸಿನಲ್ಲಿ ಸಿದ್ಧವಾಗಿದ್ದ, ಮನೆಯನ್ನು ಬೇಡದ ಆ ಚಿಕಿತ್ಸೆಯನ್ನು ರಸ್ತೆಯ ಬದಿಗೆ, ಕಟ್ಟಡದ ಕೆಲಸದ ಜಾಗಕ್ಕೆ, ರಾತ್ರಿ ತಂಗುದಾಣಕ್ಕೆ ಕೊಂಡೊಯ್ಯುವ ಹೊಣೆಯನ್ನು ಕಾರ್ಯಕ್ರಮಗಳು ಬಹುಕಾಲ ಹೊರಲಿಲ್ಲ, ಬದಲಿಗೆ ರೋಗಿಯ ವಿಳಾಸವನ್ನು ಕೇಳಿದವು.